ಶನಿವಾರ ನಮ್ಮ ಫುಟ್‌ಬಾಲ್ ಕ್ಲಬ್‌ನವರ ಜೊತೆ ಮೀಟಿಂಗ್. ಮೂರೇ ವಿಷಯ ಕೇಳಬಹುದಂತೆ. ಯಾವ ಮೂರು?

ಬೆಂಚ್ ಪ್ಲೇಯರ್
ಎಲ್ಲರಿಗೂ ನಮಸ್ಕಾರ. ಎರಡು ಸೀಸನ್‌ನಿಂದ ಮೇಲ್ ಹಾಕಿ ಹಾಕಿ, ಕೊನೆಗೂ ಕ್ಲಬ್‌ನವರು ಕರೆದಿದ್ದಾರೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಭಿಮಾನಿಗಳಾದ ನಮ್ಮ ಕಡೆಯಿಂದ ನಾಲ್ಕು ಜನ ಹೋಗಬಹುದು. ಅರ್ಧ ಗಂಟೆ ಟೈಮು. ಮೂರು ವಿಷಯ ಮಾತ್ರ, ಅದನ್ನೂ ಬರೆದುಕೊಂಡು ಬನ್ನಿ ಅಂದಿದ್ದಾರೆ.

ಕ್ಲಬ್ ಹೆಸರಾಗಲಿ ಮೈದಾನದ ಹೆಸರಾಗಲಿ ಇಲ್ಲಿ ಬರೆಯಬೇಡಿ. ಓದುವವರಿಗೆ ಗೊತ್ತೇ ಇದೆ. ಸುಮ್ನೆ ಯಾರೋ ಸ್ಕ್ರೀನ್‌ಶಾಟ್ ಕಳಿಸಿ ಮೀಟಿಂಗೇ ಕ್ಯಾನ್ಸಲ್ ಆಗುವುದು ಬೇಡ.

ಹೋದ ಭಾನುವಾರ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಆಟ ಮುಗಿದಾಗ ಒಂದನೇ ಗೇಟ್ ಮಾತ್ರ ತೆರೆದಿತ್ತು. ಎರಡನೇ ಗೇಟಿಗೆ ಬೀಗ. ಹಿಂದಿನಿಂದ ತಳ್ಳುತ್ತಿದ್ದಾರೆ, ಮುಂದೆ ಜಾಗ ಇಲ್ಲ. ನನ್ನ ಪಕ್ಕದವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡರು. ಆ ಮಗು ಅಳುತ್ತಿರಲಿಲ್ಲ, ಸುಮ್ಮನೆ ಅಪ್ಪನ ಕೂದಲು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಾವು ಗೆದ್ದಿದ್ದೆವು ಅನ್ನುವುದೇ ಮರೆತುಹೋಗಿತ್ತು.

ನನ್ನ ಪಟ್ಟಿಯಲ್ಲಿ ಈಗ ಹನ್ನೊಂದು ವಿಷಯ ಇವೆ. ಪೂರ್ತಿ ಟೀಮೇ ಆಯಿತು. ಎಂಟನ್ನು ಹೊರಗೆ ಕೂರಿಸಬೇಕು. ನೀವು ಹೇಳಿ.

ಲೆಫ್ಟ್ ಬ್ಯಾಕ್ ಲೋಕಿ
ಚಾವಣಿ, ಚಾವಣಿ, ಚಾವಣಿ. ಮೂರೂ ಆಯಿತು. ಮಳೆ ಬಂದರೆ ಇಡೀ ಪೂರ್ವದ ಗ್ಯಾಲರಿ ತೊಪ್ಪೆ.

ಹಲಸೂರು ಹೈದ
ಲೋಕಿ, ಚಾವಣಿ ಕೇಳಿದರೆ ಅವರು ಹೇಳುವುದು ಒಂದೇ ಮಾತು. "ಮೈದಾನ ನಮ್ಮದಲ್ಲ, ನಾವು ಬಾಡಿಗೆಯವರು." ಅದು ನಿಜವೂ ಹೌದು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬೇಕಾದರೂ ಓನರ್ ಮುಖ ನೋಡಬೇಕು, ಇನ್ನು ತಾರಸಿ ಹಾಕಿಸುತ್ತಾರಾ? ಮೂರರಲ್ಲಿ ಒಂದನ್ನು ಹಾಗೆ ಹಾಳು ಮಾಡಬೇಡಿ.

ಮಂಜುಳಾ ಮಿಡ್‌ಫೀಲ್ಡ್
ಟಾಯ್ಲೆಟ್. ಇದನ್ನು ನಾನೇ ಬರೆಯಬೇಕು ಅಂತ ಗೊತ್ತಿತ್ತು, ಯಾಕಂದರೆ ಇಲ್ಲಿ ಬೇರೆ ಯಾರೂ ಬರೆಯುವುದಿಲ್ಲ.

ಹೆಂಗಸರಿಗೆ ಇರುವುದು ಎರಡು. ಒಂದಕ್ಕೆ ಚಿಲಕ ಇಲ್ಲ. ನಾನೂ ನನ್ನ ತಂಗಿಯೂ ಸರದಿ ಪ್ರಕಾರ ಬಾಗಿಲು ಹಿಡಿದುಕೊಂಡು ನಿಲ್ಲುತ್ತೇವೆ. ಇನ್ನೊಂದರಲ್ಲಿ ನೀರು ಬರುವುದು ಮೊದಲ ಅರ್ಧದವರೆಗೆ ಮಾತ್ರ. ಹಾಗಾಗಿ ಮ್ಯಾಚ್ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇವೆ. ಇದು ಗೊತ್ತಿತ್ತಾ ನಿಮಗೆ? "ಯಾಕೆ ಹೆಂಗಸರು ಮ್ಯಾಚ್‌ಗೆ ಬರಲ್ಲ" ಅಂತ ಇದೇ ಜಾಗದಲ್ಲಿ ಹೋದ ವರ್ಷ ದೊಡ್ಡ ಚರ್ಚೆ ನಡೆದಿತ್ತು. ಅರವತ್ತು ಉತ್ತರ ಬಂದಿತ್ತು. ಸಂಸ್ಕೃತಿ, ಮನೆತನ, ಆಸಕ್ತಿ ಎಲ್ಲಾ ಬಂತು. ಚಿಲಕ ಬರಲಿಲ್ಲ.

ಬೆಂಚ್ ಪ್ಲೇಯರ್
ಮೇಡಂ, ನನ್ನ ಹನ್ನೊಂದರಲ್ಲಿ ಟಾಯ್ಲೆಟ್ ಇತ್ತು, ಆದರೆ ಒಂಬತ್ತನೇದು. ನಾಚಿಕೆ ಆಯಿತು. ಈಗ ಮೇಲೆ ತಂದೆ.

ರೈನ್ ನದಿ ರಾಘು
ನಾನು ಜರ್ಮನಿಯಲ್ಲಿದ್ದೇನೆ, ಡಾರ್ಟ್‌ಮುಂಡ್ ಹತ್ತಿರ. ಇಲ್ಲಿನ ಸ್ಟೇಡಿಯಂನ ಸೌತ್ ಸ್ಟ್ಯಾಂಡ್ ಒಂದರಲ್ಲೇ 24 ಸಾವಿರಕ್ಕೂ ಜಾಸ್ತಿ ಜನ ನಿಂತು ನೋಡುತ್ತಾರೆ. ಕುರ್ಚಿಯೇ ಇಲ್ಲ. ಮ್ಯಾಚ್ ಟಿಕೆಟ್ ತೋರಿಸಿದರೆ ಲೋಕಲ್ ಟ್ರೈನ್, ಬಸ್ ಫ್ರೀ. ಕ್ಲಬ್‌ನಲ್ಲಿ ಬಹುಮತದ ಓಟು ಸದಸ್ಯರ ಕೈಯಲ್ಲೇ ಇರಬೇಕು ಅನ್ನುವ 50+1 ನಿಯಮ ಇದೆ. ಹಾಗಾಗಿ ಅಭಿಮಾನಿಗಳ ಮಾತಿಗೆ ತೂಕ. ನಮ್ಮಲ್ಲೂ ಇದನ್ನೇ ಕೇಳಬೇಕು.

ಹಲಸೂರು ಹೈದ
ಬಂದರಪ್ಪಾ. ಗುರು, ನಾವು ಚಿಲಕ ಕೇಳುತ್ತಿದ್ದೇವೆ, ನೀನು ಮಾಲೀಕತ್ವ ಕೇಳುತ್ತಿದ್ದೀಯ.

ರೈನ್ ನದಿ ರಾಘು
ನಗಬೇಡಿ. ಬರ್ಲಿನ್‌ನ ಯೂನಿಯನ್ ಕ್ಲಬ್ ಹತ್ತಿರ ದುಡ್ಡಿರಲಿಲ್ಲ. 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ರಜೆ ಹಾಕಿ ಬಂದು ಸ್ಟೇಡಿಯಂ ಕಟ್ಟಿದರು. ಸಿಮೆಂಟ್ ಹೊತ್ತರು, ಕಬ್ಬಿಣ ಕಟ್ಟಿದರು. ಒಟ್ಟು 1,40,000 ಗಂಟೆ ಕೆಲಸ. ನಾವು ಒಂದು ಭಾನುವಾರ ಹೋಗಿ ಪೇಂಟ್ ಹೊಡೆಯಬಹುದಲ್ವಾ?

ಧಾರವಾಡ ಫೇಡೆ
ಪೇಂಟ್ ಹೊಡ್ಯಾಕ ನಾ ಬರ್ತೇನ್ರಿ. ಆದ್ರ ಮಧ್ಯಾಹ್ನದ ಊಟ ಯಾರದು ಅಂತ ಮೊದಲ ಹೇಳ್ರಿ.

ಹಳೆ ಫ್ಯಾಕ್ಟರಿ ಟೀಮ್
ನನಗೆ ಈಗ ಎಪ್ಪತ್ತೊಂದು. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ನಮ್ಮ ಕಾಲದಲ್ಲಿ ಐಟಿಐ, ಎಚ್‌ಎಎಲ್ ಫ್ಯಾಕ್ಟರಿ ಟೀಮ್‌ಗಳ ಮ್ಯಾಚ್ ಅಂದರೆ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲೇ ಹೋಗುತ್ತಿದ್ದೆವು. ಗ್ಯಾಲರಿಯಲ್ಲಿ ಟವೆಲ್ ಹಾಕಿ ಕೂರುತ್ತಿದ್ದೆವು. ಚಾವಣಿ ಇರಲಿಲ್ಲ, ಟಾಯ್ಲೆಟ್ ಅಂತೂ ಕೇಳಲೇಬೇಡಿ. ಆದರೆ ಒಂದು ಇತ್ತು. ಆಟ ಮುಗಿಯಲು ಹತ್ತು ನಿಮಿಷ ಇರುವಾಗಲೇ ಎಲ್ಲಾ ಗೇಟ್ ತೆಗೆಯುತ್ತಿದ್ದರು. ಟಿಕೆಟ್ಟಿಗೆ ದುಡ್ಡಿಲ್ಲದ ಹುಡುಗರು ಆ ಹತ್ತು ನಿಮಿಷಕ್ಕೆ ಅಂತಲೇ ಹೊರಗೆ ಕಾಯುತ್ತಿದ್ದರು. ನಾನೂ ಚಿಕ್ಕವನಿದ್ದಾಗ ಹಾಗೇ ನೋಡಿದ್ದು. ಎಷ್ಟೋ ಮ್ಯಾಚ್‌ಗಳ ಕೊನೆ ಮಾತ್ರ ನನಗೆ ಗೊತ್ತು, ಶುರು ಹೇಗಾಯಿತು ಅಂತ ಗೊತ್ತಿಲ್ಲ.

ಇನ್ನೊಂದು. ಹುಡುಗರು ನನ್ನ ಮುಂದೆ ತೊಂಬತ್ತು ನಿಮಿಷ ನಿಂತೇ ಇರುತ್ತಾರೆ. ನನಗೆ ಕಾಣುವುದು ಅವರ ಬೆನ್ನಿನ ಮೇಲಿನ ನಂಬರ್ ಮಾತ್ರ. ಮಂಡಿ ನೋವು, ನಾನು ನಿಲ್ಲಲಾರೆ.

ಡ್ರಮ್ ದಿಲೀಪ
ಅಂಕಲ್, ಆ ಹುಡುಗರಲ್ಲಿ ನಾನೂ ಒಬ್ಬ. ಕ್ಷಮಿಸಿ. ಆದರೆ ಕೂತು ಡ್ರಮ್ ಬಾರಿಸಲು ಆಗುವುದಿಲ್ಲ. ಕೂತು ಕೂಗಿದರೆ ಭಜನೆ ಥರ ಆಗುತ್ತದೆ.

ಮಂಗಳೂರು ಮಾಣಿ
ಭಜನೆಯೂ ನಿಂತು ಮಾಡ್ತಾರೆ ಮಾರಾಯ್ರೆ, ಕುಣಿತ ಭಜನೆ ನೋಡ್ಲಿಲ್ವಾ ನೀವು?

ಡ್ರಮ್ ದಿಲೀಪ
ಸರಿ, ಒಪ್ಪಿದೆ. ಪರಿಹಾರ ಸುಲಭ ಇದೆ. ಉತ್ತರದ ಗೋಲ್ ಹಿಂದೆ ಒಂದು ಬ್ಲಾಕ್ ನಿಲ್ಲುವವರಿಗೆ ಅಂತ ಬರೆದುಬಿಡಲಿ. ಡ್ರಮ್, ಬಾವುಟ ಎಲ್ಲಾ ಅಲ್ಲಿ. ಉಳಿದ ಕಡೆ ಕೂರುವವರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಟಿಕೆಟ್ ಮೇಲೆ ಪ್ರಿಂಟ್ ಮಾಡಿದರೆ ಮುಗಿಯಿತು.

ಕೆಂಪು ಸ್ಕಾರ್ಫ್
ಇಂಗ್ಲೆಂಡ್‌ನಲ್ಲಿ ನಿಂತು ನೋಡುವುದೇ ಬ್ಯಾನ್ ಅಲ್ವಾ? ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಕುಡಿದು ಗಲಾಟೆ ಮಾಡಿ 96 ಜನ ಸತ್ತ ಮೇಲೆ ಎಲ್ಲರಿಗೂ ಕುರ್ಚಿ ಕಡ್ಡಾಯ ಮಾಡಿದರು.

ಮಧ್ಯರಾತ್ರಿ ಮ್ಯಾಚ್
ಕೆಂಪು ಸ್ಕಾರ್ಫ್, ನಿಮ್ಮ ಎರಡು ಸಾಲಿನಲ್ಲಿ ಮೂರು ತಪ್ಪು. ಸ್ಕಾರ್ಫ್ ಲಿವರ್‌ಪೂಲ್‌ದಾದರೆ ಇನ್ನೂ ಬೇಜಾರು, ಸತ್ತವರು ಆ ಕ್ಲಬ್‌ನ ಅಭಿಮಾನಿಗಳೇ.

ಒಂದು, 96 ಅಲ್ಲ, 97. ಅವತ್ತು ಗಾಯಗೊಂಡಿದ್ದ ಒಬ್ಬರು 2021ರಲ್ಲಿ ತೀರಿಕೊಂಡರು. ಎರಡು, ಕುಡಿದು ಗಲಾಟೆ ಅನ್ನುವುದು ಪೊಲೀಸರು ಹಬ್ಬಿಸಿದ ಸುಳ್ಳು. 1989ರ ಏಪ್ರಿಲ್ 15ರಂದು ಹೊರಗಿನ ನೂಕುನುಗ್ಗಲು ಕಡಿಮೆ ಮಾಡಲು ದೊಡ್ಡ ಗೇಟ್ ಒಂದನ್ನು ತೆರೆದರು. ಬಂದವರೆಲ್ಲ ಎದುರಿಗೆ ಕಾಣುವ ಸುರಂಗದ ದಾರಿಯಲ್ಲೇ ನುಗ್ಗಿದರು, ಅದು ಬೇಲಿ ಸುತ್ತಿದ, ಆಗಲೇ ತುಂಬಿದ್ದ ನಡುವಿನ ಬ್ಲಾಕಿನೊಳಗೆ ಹೋಗುತ್ತಿತ್ತು. ಪಕ್ಕದ ಬ್ಲಾಕ್‌ಗಳಲ್ಲಿ ಜಾಗ ಇತ್ತು. ಆ ಕಡೆ ತಿರುಗಿಸಲು ಯಾರೂ ನಿಂತಿರಲಿಲ್ಲ. 2016ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು, ಅಭಿಮಾನಿಗಳದು ತಪ್ಪಿಲ್ಲ ಅಂತ. 27 ವರ್ಷ ಬೇಕಾಯಿತು ಅಷ್ಟು ಹೇಳಲು.

ಮೂರು, ನಿಂತು ನೋಡುವುದು ಈಗ ಬ್ಯಾನ್ ಅಲ್ಲ. 2022ರ ಜನವರಿಯಿಂದ ಕೆಲವು ದೊಡ್ಡ ಕ್ಲಬ್‌ಗಳಲ್ಲಿ ಪ್ರತಿ ಸಾಲಿಗೂ ಕಂಬಿ ಹಾಕಿಸಿ ಅನುಮತಿ ಕೊಟ್ಟಿದ್ದಾರೆ.

ಕೆಂಪು ಸ್ಕಾರ್ಫ್
ತಪ್ಪಾಯಿತು. ಗೊತ್ತಿರಲಿಲ್ಲ. ಸ್ಕಾರ್ಫ್ ಲಿವರ್‌ಪೂಲ್‌ದೇ.

ಗೌತಮಪುರ ಗೋಲಿ
ಅಷ್ಟು ದೂರ ಯಾಕೆ ಹೋಗಬೇಕು? 1980ರ ಆಗಸ್ಟ್ 16, ಕೋಲ್ಕತ್ತದ ಈಡನ್ ಗಾರ್ಡನ್ಸ್. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಮ್ಯಾಚ್. 16 ಜನರ ಜೀವ ಹೋಯಿತು. ಈಗಲೂ ಅಲ್ಲಿ ಆ ದಿನ ಫುಟ್‌ಬಾಲ್ ಪ್ರೇಮಿಗಳ ದಿನ ಅಂತ ರಕ್ತದಾನ ಮಾಡುತ್ತಾರೆ. ಇನ್ನು ನಮ್ಮ ಊರಿನದು ಹೇಳಬೇಕಾ? 2025ರ ಜೂನ್ 4, ಚಿನ್ನಸ್ವಾಮಿ ಹೊರಗೆ, 11 ಜನ. ಅದು ಕ್ರಿಕೆಟ್ ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಗೇಟಿಗೆ ಯಾವ ಆಟ ಅಂತ ಗೊತ್ತಾಗಲ್ಲ.

ಲೆಫ್ಟ್ ಬ್ಯಾಕ್ ಲೋಕಿ
ನಮ್ಮಲ್ಲಿ ಬರುವುದೇ ನಾಲ್ಕು ಸಾವಿರ ಜನ ಗುರು. ಅದಕ್ಕೂ ಇದಕ್ಕೂ ಹೋಲಿಕೆ ಮಾಡಿ ಹೆದರಿಸಬೇಡಿ.

ಸಿವಿಲ್ ಸಿದ್ದು
ಲೋಕಿ ಅವರೇ, ನಾಲ್ಕು ಸಾವಿರದ್ದೇ ಲೆಕ್ಕ ಹಾಕೋಣ. ನನ್ನ ಕೆಲಸವೇ ಇದು, ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಬ್ರಿಟನ್‌ನಲ್ಲಿ ಸ್ಟೇಡಿಯಂ ಸುರಕ್ಷತೆಗೆ ಗ್ರೀನ್ ಗೈಡ್ ಅಂತ ಒಂದು ಪುಸ್ತಕ ಇದೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹೊರಗೆ ಹೋಗಬಹುದು. ಆಟ ಮುಗಿದ ಮೇಲೆ ಜನ ಹೊರಬೀಳುವ ದಾರಿಗೆ ಎಂಟು ನಿಮಿಷದ ಮಿತಿ ಇದೆ. ಅದಕ್ಕಿಂತ ಜಾಸ್ತಿ ಸಿಕ್ಕಿಕೊಂಡರೆ ಜನ ತಾಳ್ಮೆ ಕಳೆದುಕೊಂಡು ತಳ್ಳಲು ಶುರು ಮಾಡುತ್ತಾರೆ.

ನಮ್ಮ ಒಂದನೇ ಗೇಟ್ ಹೆಚ್ಚುಕಡಿಮೆ ಹತ್ತು ಅಡಿ, ಅಂದರೆ ಮೂರು ಮೀಟರ್. ನಾನು ಹೆಜ್ಜೆಯಲ್ಲಿ ಅಳೆದಿದ್ದೇನೆ, ಸೆಕ್ಯುರಿಟಿಯವನು ಹುಚ್ಚ ಅಂದುಕೊಂಡ. ಮೂರು ಮೀಟರ್ ಅಂದರೆ ನಿಮಿಷಕ್ಕೆ 246 ಜನ. ನಾಲ್ಕು ಸಾವಿರ ಜನಕ್ಕೆ ಹದಿನಾರು ನಿಮಿಷ ಚಿಲ್ಲರೆ. ಎರಡನೇ ಗೇಟೂ ಅಷ್ಟೇ ಅಗಲ. ಎರಡನ್ನೂ ತೆರೆದರೆ ಎಂಟು ನಿಮಿಷ. ನೋಡಿ, ಮೈದಾನ ಕಟ್ಟಿದವರು ತಪ್ಪು ಮಾಡಿಲ್ಲ. ಎರಡು ಗೇಟ್ ಯಾಕೆ ಬೇಕು ಅಂತ ಅವರಿಗೆ ಗೊತ್ತಿತ್ತು. ಬೀಗ ಹಾಕಿದವರಿಗೆ ಗೊತ್ತಿರಲಿಲ್ಲ.

ಇದು ಗೇಟ್ ಮುಂದೆ ಏನೂ ಅಡ್ಡ ಇಲ್ಲದಿದ್ದಾಗ. ನಮ್ಮಲ್ಲಿ ಒಂದನೇ ಗೇಟಿನ ಬಾಯಲ್ಲೇ ಬ್ಯಾರಿಕೇಡ್, ಆಮೇಲೆ ಎರಡು ಬೈಕು, ಆಮೇಲೆ ಚುರುಮುರಿ ಗಾಡಿ.

ಧಾರವಾಡ ಫೇಡೆ
ಚುರುಮುರಿ ಗಾಡಿಗೆ ಏನೂ ಅನಬ್ಯಾಡ್ರಿ. ನಾ ಅದಕ್ಕಂತನ ಬರೋದು.

ಮಂಗಳೂರು ಮಾಣಿ
ಅವನು ಈರುಳ್ಳಿ ಜಾಸ್ತಿ ಹಾಕ್ತಾನೆ, ಮಾವಿನಕಾಯಿ ಹಾಕುವುದೇ ಇಲ್ಲ. ನಮ್ಮ ಊರಲ್ಲಿ ಇದಕ್ಕೆ ಚರುಮುರಿ ಅಂತ ಹೆಸರು, ಅದರಲ್ಲಿ ತೆಂಗಿನೆಣ್ಣೆ ಇರಬೇಕು.

ಡ್ರಮ್ ದಿಲೀಪ
ತೆಂಗಿನೆಣ್ಣೆ ತಲೆಗೆ ಹಚ್ಚುವುದು ಮಾಣಿ.

ಮಂಗಳೂರು ಮಾಣಿ
ಬೇರೆ ಥ್ರೆಡ್ ಮಾಡಿ, ಅಲ್ಲಿ ಜಗಳ ಆಡುವ.

ಮಾಜಿ ವಾಲಂಟಿಯರ್
ನಾನು ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೋದ ಸೀಸನ್ ನಾಲ್ಕು ಮ್ಯಾಚ್‌ಗೆ ವಾಲಂಟಿಯರ್ ಆಗಿದ್ದೆ. ಟೀ ಶರ್ಟು, ಒಂದು ಊಟ, ಕತ್ತಿಗೆ ಒಂದು ಕಾರ್ಡು.

ಎರಡನೇ ಗೇಟ್ ಯಾಕೆ ಮುಚ್ಚುತ್ತಾರೆ ಅಂದರೆ, ಅಲ್ಲಿ ಟಿಕೆಟ್ ಇಲ್ಲದವರು ನುಗ್ಗುತ್ತಾರೆ. ಎರಡು ಕಡೆ ನಿಲ್ಲಿಸಲು ಸೆಕ್ಯುರಿಟಿಯವರು ಸಾಲುವುದಿಲ್ಲ. ಹಾಗಾಗಿ ಶುರುವಿನಲ್ಲಿ ಬೀಗ ಹಾಕುತ್ತಾರೆ. ಅಲ್ಲಿಯವರೆಗೆ ಸರಿ. ಎಂಬತ್ತನೇ ನಿಮಿಷಕ್ಕೆ ತೆಗೆಯಬೇಕು ಅಂತ ಮಾತೂ ಇದೆ. ಆದರೆ ಬೀಗದ ಕೈ ಇರುವುದು ಕ್ಲಬ್‌ನವರ ಹತ್ತಿರ ಅಲ್ಲ. ಮೈದಾನದ ಒಬ್ಬ ಮೇಸ್ತ್ರಿ ಹತ್ತಿರ. ಆತ ಒಳ್ಳೆಯ ಮನುಷ್ಯ, ವಯಸ್ಸಾಗಿದೆ. ಸಂಜೆ ಏಳಕ್ಕೆ ಅವರ ಡ್ಯೂಟಿ ಮುಗಿಯುತ್ತದೆ, ಕೈ ಜೇಬಿನಲ್ಲೇ ಇಟ್ಟುಕೊಂಡು ಬಸ್ ಹತ್ತುತ್ತಾರೆ. ಮ್ಯಾಚ್ ಶುರುವಾಗುವುದು ಏಳೂವರೆಗೆ.

ಒಂದು ಸಲ ನಾನೇ ಫೋನ್ ಮಾಡಿದೆ. "ಅಯ್ಯೋ, ನಾನು ಕೆ.ಆರ್. ಪುರ ದಾಟಿಬಿಟ್ಟೆ ಕಣಪ್ಪ" ಅಂದರು. ಅವರ ತಪ್ಪಲ್ಲ. ಉಳಿಯಿರಿ ಅಂತ ಅವರಿಗೆ ಯಾರೂ ಹೇಳಿಲ್ಲ, ಉಳಿದರೆ ಓಟಿ, ಅಂದರೆ ಓವರ್‌ಟೈಮ್ ದುಡ್ಡು, ಕೊಡುವವರೂ ಇಲ್ಲ.

ಬೆಂಚ್ ಪ್ಲೇಯರ್
ಒಂದು ನಿಮಿಷ. ಅಂದರೆ ಇಷ್ಟು ದಿನ ನಾವು ಬೈಯುತ್ತಿದ್ದುದು ಒಂದು ಬೀಗದ ಕೈಗಾ?

ಹಳೆ ಫ್ಯಾಕ್ಟರಿ ಟೀಮ್
ಫ್ಯಾಕ್ಟರಿಯಲ್ಲಿ ಒಂದು ಬೀಗಕ್ಕೆ ಮೂರು ಕೈ ಮಾಡಿಸುತ್ತಿದ್ದೆವು. ಒಂದು ಗಾಜಿನ ಪೆಟ್ಟಿಗೆಯಲ್ಲಿ.

ಮಧ್ಯರಾತ್ರಿ ಮ್ಯಾಚ್
1985ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ಹಿಂದಿನ ಬಾಗಿಲುಗಳಿಗೆ ಬೀಗ ಇತ್ತು, ಅದೂ ಟಿಕೆಟ್ ಇಲ್ಲದವರು ಬರಬಾರದು ಅಂತ. ಮುಂದಕ್ಕೆ ಮೈದಾನಕ್ಕೆ ಓಡಿದವರು ಬದುಕಿದರು. ನಮ್ಮಲ್ಲಿ ಮುಂದೆ ಏಳಡಿ ತಂತಿ ಬೇಲಿ.

ಲೆಫ್ಟ್ ಬ್ಯಾಕ್ ಲೋಕಿ
ಸರಿ ಗುರು. ಚಾವಣಿ ವಾಪಸ್ ತೆಗೆದುಕೊಂಡೆ. ಗೇಟ್ ಮೊದಲು.

ಟರ್ಫ್ ತಿಮ್ಮ
ಯಾರೂ ಪಿಚ್ ಬಗ್ಗೆ ಮಾತಾಡುತ್ತಿಲ್ಲ. ಕೃತಕ ಹುಲ್ಲಿನ ಕರಿ ರಬ್ಬರ್ ಪುಡಿ ಪೂರ್ತಿ ಮೂಲೆಗೆ ಸೇರಿಕೊಂಡಿದೆ. ಮಧ್ಯಾಹ್ನದ ಜೂನಿಯರ್ ಮ್ಯಾಚ್‌ಗಳಲ್ಲಿ ಮಕ್ಕಳ ಅಂಗಾಲು ಸುಡುತ್ತದೆ. ಫಿಫಾದ ಕ್ವಾಲಿಟಿ ಪ್ರೋ ಸರ್ಟಿಫಿಕೇಟ್ ಬೇಕಾದರೆ ಪ್ರತಿ ವರ್ಷ ಪಿಚ್ ಟೆಸ್ಟ್ ಆಗಬೇಕು. ಯುರೋಪಿನಲ್ಲಿ ಆ ರಬ್ಬರ್ ಪುಡಿಯನ್ನೇ ನಿಲ್ಲಿಸಲು 2023ರಲ್ಲಿ ನಿಯಮ ಬಂದಿದೆ, ಮೈದಾನಗಳಿಗೆ ಎಂಟು ವರ್ಷ ಟೈಮ್ ಕೊಟ್ಟು.

ಹಲಸೂರು ಹೈದ
ತಿಮ್ಮಣ್ಣ, ಮುಖ್ಯ ವಿಷಯವೇ. ಆದರೆ ಪಿಚ್ ಮತ್ತೆ ಓನರ್ ಕೈಯಲ್ಲಿ. ಈ ಮೀಟಿಂಗಿಗೆ ಬೇಡ.

ಟರ್ಫ್ ತಿಮ್ಮ
ಯಾವ ಮೀಟಿಂಗಿಗೂ ಬೇಡ ಅನ್ನುತ್ತೀರಿ. ಇರಲಿ.

ಗೌತಮಪುರ ಗೋಲಿ
ಬೇಜಾರಾಗಬೇಡಿ ತಿಮ್ಮಣ್ಣ. ನಾನು ಮಣ್ಣಿನಲ್ಲಿ ಡೈವ್ ಹೊಡೆದು ಬೆಳೆದವನು, ಮೊಣಕೈ ತೋರಿಸಿದರೆ ಭೂಪಟ ಇದ್ದಂಗಿದೆ. ಪೆಲೆ ಪ್ರತಿಮೆ ಇರುವ ಏರಿಯಾ ನಮ್ಮದು, ಇನ್ನೂ ಸರಿಯಾದ ಮೈದಾನಕ್ಕೆ ಬಡಿದಾಡುತ್ತಿದ್ದೇವೆ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಟೀಮ್ ಮುಂಬೈಗೆ ಹೋಗಿ ರೋವರ್ಸ್ ಕಪ್ ತಂದ ಊರು ಇದು.

ಡ್ರಮ್ ದಿಲೀಪ
54 ವರ್ಷ ಆದ ಮೇಲೆ ಕರ್ನಾಟಕ ಸಂತೋಷ್ ಟ್ರೋಫಿ, ಅದೇ ರಾಜ್ಯ ರಾಜ್ಯಗಳ ಫುಟ್‌ಬಾಲ್ ಕಪ್, ಗೆದ್ದಾಗ ನಾನು ಡ್ರಮ್ ತೊಗೊಂಡು ಎಲ್ಲಿಗೆ ಹೋಗಬೇಕಿತ್ತು ಗೊತ್ತಾ? ರಿಯಾದ್‌ಗೆ. 2023ರ ಫೈನಲ್ ಸೌದಿಯಲ್ಲಿ. ಮನೆಯಲ್ಲೇ ಬಾರಿಸಿದೆ, ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು.

ಗಾಲಿ ಕುರ್ಚಿ ಮಗ
ಲೇಟಾಗಿ ಬಂದೆ. ನನ್ನ ಅಪ್ಪ ವೀಲ್‌ಚೇರ್‌ನಲ್ಲಿದ್ದಾರೆ. ಮೊದಲು ಅವರು ನನ್ನನ್ನು ಮ್ಯಾಚ್‌ಗೆ ಕರೆದುಕೊಂಡು ಹೋಗುತ್ತಿದ್ದರು, ಈಗ ನಾನು. ನಮ್ಮ ಗ್ಯಾಲರಿಗೆ ಒಂದು ರ‍್ಯಾಂಪ್ ಇದೆ, ಆದರೆ ಜಾರುಬಂಡಿ ಥರ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇರಬೇಕು ಅನ್ನುವುದು ಲೆಕ್ಕ. ಇಲ್ಲಿ ನಾಲ್ಕು ಅಡಿಯೂ ಇಲ್ಲ. ನಾಲ್ಕು ಜನ ಎತ್ತುತ್ತಾರೆ, ಪಾಪ ಯಾರೂ ಇಲ್ಲ ಅನ್ನುವುದಿಲ್ಲ. ಅಪ್ಪನಿಗೆ ಎತ್ತಿಸಿಕೊಳ್ಳುವುದು ಇಷ್ಟ ಇಲ್ಲ. ಹೋದ ಮೂರು ಮ್ಯಾಚ್‌ಗೆ "ನೀನೇ ಹೋಗಿ ಬಾ, ಟಿವಿಯಲ್ಲಿ ಬರುತ್ತಲ್ಲ" ಅಂದರು. ನಮ್ಮ ಮ್ಯಾಚ್ ಟಿವಿಯಲ್ಲಿ ಬರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗಗಳಿಗೆ ಎಲ್ಲರೂ ಹೋಗುವಂತಿರಬೇಕು. ಹಾಗಾಗಿ ಇದನ್ನು ದಯವಿಟ್ಟು ಅಂತ ಕೇಳಬೇಕಾಗಿಲ್ಲ.

ಸಿವಿಲ್ ಸಿದ್ದು
ಸರ್, ಆ ರ‍್ಯಾಂಪ್ ಬಿಡಿ. ಎರಡನೇ ಗೇಟಿನಿಂದ ಒಳಗೆ ಬಂದರೆ ಪಿಚ್ ಮಟ್ಟಕ್ಕೇ ಬರುತ್ತೀರಿ, ಒಂದು ಮೆಟ್ಟಿಲೂ ಇಲ್ಲ. ಬೇಲಿ ಪಕ್ಕ ಕಾಂಕ್ರೀಟ್ ನೆಲ ಇದೆ, ಎಂಟು ವೀಲ್‌ಚೇರ್ ಆರಾಮಾಗಿ ನಿಲ್ಲುತ್ತವೆ. ಆ ಗೇಟ್ ತೆರೆದಿದ್ದರೆ ಸಾಕು.

ಮಂಜುಳಾ ಮಿಡ್‌ಫೀಲ್ಡ್
ಅದೇ ಗೇಟಿನ ಪಕ್ಕ ಬೀಗ ಹಾಕಿದ ಇನ್ನೊಂದು ಟಾಯ್ಲೆಟ್ ಬ್ಲಾಕ್ ಇದೆ. ಆಟಗಾರರಿಗೆ ಅಂತ ಕಟ್ಟಿದ್ದು, ಈಗ ಯಾರೂ ಬಳಸುವುದಿಲ್ಲ. ಅದರ ಕೈ ಯಾರ ಹತ್ತಿರ ಇದೆ?

ಮಾಜಿ ವಾಲಂಟಿಯರ್
ಅದೇ ಗೊಂಚಲು ಮೇಡಂ. ಅದೇ ಜೇಬು.

ಬೆಂಚ್ ಪ್ಲೇಯರ್
ಹಾಗಾದರೆ ಪಟ್ಟಿ ಹೀಗೆ. ಒಂದು, ಎರಡನೇ ಗೇಟ್: ಬೀಗದ ಕೈ ಕ್ಲಬ್‌ನ ಒಬ್ಬರ ಹತ್ತಿರ ಇರಬೇಕು, ಅವರು ಯಾರು ಅಂತ ನಮಗೆ ಗೊತ್ತಿರಬೇಕು, ಎಂಬತ್ತನೇ ನಿಮಿಷಕ್ಕೆ ತೆರೆಯಬೇಕು. ವೀಲ್‌ಚೇರ್‌ನವರಿಗೆ ಶುರುವಿನಿಂದಲೇ. ಎರಡು, ಟಾಯ್ಲೆಟ್: ಆ ಬ್ಲಾಕ್ ತೆರೆಯಿರಿ, ಚಿಲಕ ಹಾಕಿಸಿ, ಟ್ಯಾಂಕ್ ತುಂಬಿಸಿ. ಮೂರು, ನಿಲ್ಲುವವರಿಗೆ ಬೇರೆ ಬ್ಲಾಕ್. ನೀರಿನ ಬಾಟಲ್ ಬಿಟ್ಟುಹೋಯಿತು. ಹೊರಗೆ ಕಸಿದುಕೊಂಡು ಒಳಗೆ ಇಪ್ಪತ್ತರದನ್ನು ನಲವತ್ತಕ್ಕೆ ಮಾರುತ್ತಾರೆ.

ಕೆಂಪು ಸ್ಕಾರ್ಫ್
ನೀರನ್ನು ಟಾಯ್ಲೆಟ್ ಜೊತೆ ಸೇರಿಸಿ. ಎರಡೂ ನೀರೇ. ಒಪ್ಪದಿದ್ದರೆ ಎದ್ದು ಬರೋಣ. 2016ರಲ್ಲಿ ಲಿವರ್‌ಪೂಲ್‌ನವರು 77 ಪೌಂಡ್ ಟಿಕೆಟ್ ವಿರೋಧಿಸಿ 77ನೇ ನಿಮಿಷಕ್ಕೆ ಎದ್ದು ಹೊರಟರು, ಕೆಲವೇ ದಿನಗಳಲ್ಲಿ ಮಾಲೀಕರು ಆ ಬೆಲೆ ಏರಿಕೆ ವಾಪಸ್ ತೆಗೆದುಕೊಂಡರು. ಇದು ಸರಿಯಾಗಿದೆ ಅಲ್ವಾ, ಮಧ್ಯರಾತ್ರಿ ಅವರೇ?

ಮಧ್ಯರಾತ್ರಿ ಮ್ಯಾಚ್
ಇದು ಪೂರ್ತಿ ಸರಿ.

ಹಲಸೂರು ಹೈದ
77ನೇ ನಿಮಿಷಕ್ಕೆ ಎದ್ದರೆ ಹೊರಗೆ ಹೋಗುವುದು ಹೇಗೆ? ಗೇಟ್ ತೆಗೆಯುವುದು ಎಂಬತ್ತಕ್ಕೆ.

ಬೆಂಚ್ ಪ್ಲೇಯರ್
ಮೀಟಿಂಗ್ ಮುಗಿಸಿ ಬಂದೆವು. ಅರ್ಧ ಗಂಟೆ ಅಂದಿದ್ದು ಒಂದೂಕಾಲು ಗಂಟೆ ಆಯಿತು. ಕಾಫಿ ಕೊಟ್ಟರು.

ಬೀಗದ ಕೈ ವಿಷಯ ಅವರಿಗೇ ಗೊತ್ತಿರಲಿಲ್ಲ. ಸಿದ್ದು ಅವರ ಲೆಕ್ಕದ ಹಾಳೆ ಇಟ್ಟಾಗ ಮ್ಯಾನೇಜರ್ ಮೂರು ಸಲ ಓದಿದರು. ಇನ್ನೊಂದು ಕೈ ಮಾಡಿಸುತ್ತೇವೆ ಅಂದರು. ಮೇಸ್ತ್ರಿಗೆ ಮ್ಯಾಚ್ ದಿನ ಓಟಿ ಕೊಡುವುದಾಗಿ ಬರೆದುಕೊಂಡರು, ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಮಂಜುಳಾ ಮೇಡಂ ಅಲ್ಲೇ ಕೇಳಿದರು. ಟಾಯ್ಲೆಟ್ ಬ್ಲಾಕಿಗೆ ಮೈದಾನದವರ ಪತ್ರ ಬೇಕಂತೆ, ಒಂದು ತಿಂಗಳು ಅಂದರು. ಚಿಲಕ ಮಾತ್ರ ಸೋಮವಾರವೇ. ನಿಲ್ಲುವ ಬ್ಲಾಕಿಗೆ ಹೂಂ ಅಂದರು. ನೀರಿಗೆ, ಮುಚ್ಚಳ ತೆಗೆದ ಬಾಟಲ್ ಒಳಗೆ ಬಿಡಬಹುದು, ಎಸೆದರೆ ಮತ್ತೆ ನಿಲ್ಲಿಸುತ್ತೇವೆ ಅಂತ. ದಿಲೀಪ, ನಿನ್ನ ಗುಂಪಿಗೇ ಹೇಳುತ್ತಿದ್ದೇನೆ.

ಟರ್ಫ್ ತಿಮ್ಮ
ಪಿಚ್ ಬಗ್ಗೆ?

ಬೆಂಚ್ ಪ್ಲೇಯರ್
ಎದ್ದು ಬರುವಾಗ ಬಾಗಿಲ ಹತ್ತಿರ ಕೇಳಿದೆ ತಿಮ್ಮಣ್ಣ. "ಅದು ದೊಡ್ಡ ಕಥೆ" ಅಂದರು. ಇಲ್ಲ ಅನ್ನಲಿಲ್ಲ.

ಗಾಲಿ ಕುರ್ಚಿ ಮಗ
ಇವತ್ತು ಮ್ಯಾಚ್‌ಗೆ ಅಪ್ಪನೂ ಬಂದರು. ಎರಡನೇ ಗೇಟ್ ತೆರೆದಿತ್ತು. ಆದರೆ ಅದರ ಎದುರಿಗೇ ಯಾರೋ ಆಟೋ ನಿಲ್ಲಿಸಿದ್ದರು, ಹತ್ತು ನಿಮಿಷ ಡ್ರೈವರ್‌ನನ್ನು ಹುಡುಕಿದೆವು. ಮೊದಲ ಗೋಲ್ ತಪ್ಪಿಹೋಯಿತು. ಅಪ್ಪ ಹೊರಗಿನಿಂದಲೇ ಕೂಗು ಕೇಳಿ "ನಮ್ಮದೇ" ಅಂದರು.

ಹಳೆ ಫ್ಯಾಕ್ಟರಿ ಟೀಮ್
ನನಗೆ ಇವತ್ತು ಎರಡೂ ಗೋಲ್ ಕಂಡವು.

ಧಾರವಾಡ ಫೇಡೆ
ಚುರುಮುರಿ ಗಾಡಿ ಎಲ್ಲಿ ಹೋತ್ರಿ? ಒಂದನೇ ಗೇಟಿನ್ಯಾಗ ಹುಡುಕಿ ಸಾಕಾತು.

ಮಾಜಿ ವಾಲಂಟಿಯರ್
ಎರಡನೇ ಗೇಟಿಗೆ ಬಂದಿದ್ದಾನೆ. ಆಟೋ ಪಕ್ಕ.